ಏಳನೇ ಪುಟದ ತೂತು

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ
ಫ್ಲೀಟ್‌ವುಡ್ಡಿನ ಲೈಬ್ರರಿಯ ಬಾಗಿಲು ತೆರೆದು
ಒದ್ದೆ ಕೊಡೆಗಳಿಗೊಂದು ಬಕೆಟ್ಟಿಟ್ಟು
ಊರಿನ ವಾರಪತ್ರಿಕೆಯನ್ನು ಕೋಲಿಗೆ ಸಿಕ್ಕಿಸುವುದು ನನ್ನ ಕೆಲಸ.
ಮಧ್ಯಾಹ್ನದ ಹೊತ್ತಿಗೆ ಏಳನೇ ಪುಟದಲ್ಲೊಂದು ತೂತು.
ಚೌಕವಾದ, ಅಚ್ಚುಕಟ್ಟಾದ ತೂತು;
ಅದರೊಳಗಿಂದ ಒಂಬತ್ತನೇ ಪುಟದ
ಸತ್ತವರ ಪಟ್ಟಿ ಇಣುಕುತ್ತದೆ.

ತಿಂಗಳು ಹೊಂಚು ಹಾಕಿ ಹಿಡಿದೆ ಕಳ್ಳಿಯನ್ನು:
ಎನಿಡ್ ಗಾರ್‌ಸ್ಟ್ಯಾಂಗ್, ಅರವತ್ತೊಂದು ವಯಸ್ಸು,
ಮುಚ್ಚಿಹೋದ ಮೀನು ಕಾರ್ಖಾನೆಯಲ್ಲಿ
ಇಪ್ಪತ್ತೆಂಟು ವರ್ಷ ಮುಳ್ಳು ಬಿಡಿಸಿದ ಕೈ.
"ಅಲ್ಲಿ ಮುಳ್ಳು ಎಸೆದು ಮಾಂಸ ಇಟ್ಟುಕೊಳ್ಳುತ್ತಿದ್ದೆ,
ಪೇಪರಿನಲ್ಲಿ ಉಲ್ಟಾ" ಎಂದಳು
ಕತ್ತರಿಯನ್ನು ಕೋಟಿನ ಜೇಬಿಗಿಳಿಸುತ್ತ,
ದಂಡದ ಮಾತೇ ಎತ್ತದೆ.

ಏಳನೇ ಪುಟವೆಂದರೆ ದೂರುಗಳ ಪುಟ.
'ಮಾನ್ಯ ಸಂಪಾದಕರೇ' ಎಂದು ಶುರುವಾಗಿ
'ಹೇಳುವವರು ಕೇಳುವವರು ಯಾರೂ ಇಲ್ಲವೇ' ಎಂದು ಮುಗಿಯುವ ಕಾಗದಗಳು.
ನಾವೆಲ್ಲ ಓದಿ, ಲೊಚಗುಟ್ಟಿ, ಪುಟ ತಿರುವುತ್ತಿದ್ದೆವು.
ಅವಳು ಅಲ್ಲೇ ನಿಂತು ಎಣಿಸುತ್ತಿದ್ದಳು:
ಒಂದೇ ಗೋಳು ಎಷ್ಟು ವಾರ, ಎಷ್ಟು ಮಂದಿಯ ಬಾಯಲ್ಲಿ?
ಮೂರು ಸಲ ಬಂತೋ, ಕತ್ತರಿ.

ಮೊದಲು ಕತ್ತರಿಸಿದ್ದು ಆರು ಮಹಡಿಯ ಫ್ಲಾಟುಗಳ ಕೆಟ್ಟ ಲಿಫ್ಟು.
ಶಾಲೆ ಬಿಟ್ಟ ಹೊತ್ತಿಗೆ ಇಬ್ಬರು ಹುಡುಗರನ್ನು ಕರೆದು
ಹಾಲು, ಬ್ರೆಡ್ಡು, ಬೆಕ್ಕಿನ ಊಟ ಮೇಲಕ್ಕೆ ಹೊರಿಸಿದಳು.
ಮಹಡಿಗೆ ಐವತ್ತು ಪೆನ್ಸ್, ಅರ್ಧ ಹುಡುಗರಿಗೆ.
ಐದನೇ ವಾರ ಲಿಫ್ಟು ರಿಪೇರಿಯಾಗಿ ವ್ಯಾಪಾರ ಸತ್ತಿತು.
"ಒಳ್ಳೇ ಸಾವು" ಎಂದು ನಕ್ಕಳು.

ನದಿಯಾಚೆಗೆ ರಾತ್ರಿ ದೋಣಿಯಿಲ್ಲವೆಂಬ ಗೋಳು ನಂಬಿ
ಹಳೇ ವ್ಯಾನು ಕೊಂಡು, ಸುತ್ತುಬಳಸಿ ಓಡಿಸಿ,
ಎಂಟುನೂರು ಪೌಂಡು ಕಳಕೊಂಡಳು.
ದೂರು ಬರೆದವರೆಲ್ಲ ರಾತ್ರಿ ಮನೆಯಲ್ಲಿ
ಟೀವಿ ನೋಡುತ್ತಿದ್ದರು.
ಅದಕ್ಕೆ ನಗಲಿಲ್ಲ.

ಆಮೇಲೆ ಕಡಲಕಾಗೆಗಳು.
ಮಂಗಳವಾರ ಬೆಳಗಾದರೆ ಬೀದಿಯುದ್ದ
ಹರಿದ ಕಸದ ಚೀಲ, ಕೋಳಿಮೂಳೆ, ಯಾವುದೋ ಮಗುವಿನ ಡಯಾಪರು.
ಹನ್ನೊಂದು ಪತ್ರ, ಒಂದು ಸಭೆ,
ಆ ಸಭೆಯ ಬಗ್ಗೆ ಇನ್ನೊಂದು ಸಭೆ.
ಎನಿಡ್ ಬಂದರಿನ ಗೋದಾಮಿಗೆ ಹೋಗಿ
ಕಡಲಿಗಿಳಿಯದೆ ಮುದುಡಿ ಬಿದ್ದ ಬಲೆಗಳನ್ನು
ಮೂರು ಕಾಸಿಗೆ ಕೊಂಡು, ಎರಡು ಪದರ ಮಾಡಿ,
ಕಸಕ್ಕೆ ಮೇಲುಚೀಲ ಹೊಲಿದಳು.
ಕಾಗೆ ಬಂತು. ಕುಕ್ಕಿತು. ಕುಕ್ಕಿತು.
ಕೊಕ್ಕು ಒರೆಸಿಕೊಂಡು ಹೋಯಿತು.
ಈಗ ಮೂರು ಹೊಲಿಗೆ ಮಿಷನ್ನು, ಹಸುಗೂಸಿನ ತಾಯೊಬ್ಬಳು,
ಜೈಲಿಂದ ಬಂದ ಟೆರೆನ್ಸ್ ಎಂಬ ಮೌನಿ,
ಪಕ್ಕದೂರಿನಿಂದ ನಾನೂರು ಚೀಲಕ್ಕೆ ಮುಂಗಡ.

ಅಮ್ಮನ ಮಾತು ನೆನಪಾಗಿ ಕೇಳಿಯೇಬಿಟ್ಟೆ:
"ಉರಿಯುವ ಮನೆಯಲ್ಲಿ ಗಳ ಹಿರಿದಂತೆ
ಅನ್ನುತ್ತಾರೆ ನಮ್ಮ ಕಡೆ. ಇದೂ ಅದೇ ಅಲ್ಲವಾ?"
ಗಳವೆಂದರೇನೆಂದು ತಿಳಿಸಲು
ರಸೀದಿಯ ಹಿಂದೆ ಒಂದು ಸೂರು ಬರೆಯಬೇಕಾಯಿತು.
ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು.
"ಒಳಗಿದ್ದವರು ಹೊರಗೆ ಬಂದರಾ ಮೊದಲು?
ಬಂದಿದ್ದರೆ ಒಂದಾದರೂ ಗಳ ಉಳಿಯಲಿ,
ನಾಳೆ ಗುಡಿಸಲಿಗೆ ಬೇಕಲ್ಲ."
ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ.
ಈಗಲೂ ಇಲ್ಲ.

ಕಳೆದ ಗುರುವಾರದ ಸುದ್ದಿ ನಮ್ಮದೇ:
ಏಪ್ರಿಲ್‌ನಿಂದ ಲೈಬ್ರರಿ ವಾರಕ್ಕೆ ಎರಡೇ ದಿನ.
ಅದಕ್ಕೂ ಮೊದಲು ಎರಡು ವಾರ ಬಂದಿತ್ತು ಆ ಮಾತು, ಗುಮಾನಿಯಾಗಿ.
ತೂತು ಬಿದ್ದಿರುತ್ತದೆಂದು ಮಧ್ಯಾಹ್ನ
ಅಳುಕುತ್ತಲೇ ಏಳನೇ ಪುಟ ತೆಗೆದೆ.
ಪುಟ ಇಡಿಯಾಗಿತ್ತು.

ಕತ್ತರಿಯನ್ನು ಕೈಯಿಂದ ಕೈಗೆ ಕೊಡಬಾರದು,
ಜಗಳವಾಗುತ್ತದೆ, ಕೆಳಗಿಡಬೇಕು —
ಇದೂ ಅಮ್ಮನ ಮಾತೇ.
ಎನಿಡ್‌ಗೆ ಯಾರು ಹೇಳಿದರೋ ಕಾಣೆ.
ಸುದ್ದಿಯ ಮೇಲೆ ಇಟ್ಟು ಹೋಗಿದ್ದಳು,
ಹಿಡಿಕೆ ನನ್ನ ಕಡೆಗೆ.